ಫ್ಯಾನಿಗೆ ಬಿಟ್ಟ ಮಗ್ಗದ ಎಣ್ಣೆ

ನಮ್ಮ ಮನೆಯ ಹಳೆಯ ಕಂಪ್ಯೂಟರ್ ಚಾಲೂ ಆಗದೆ ಹೋದಾಗ ಅದಕ್ಕೆ ಏನಾಗಿದೆಯೆಂದು ಎಲ್ಲರೂ ಹುಡುಕಿದರು. ಹುಡುಕದೆ ಸುಮ್ಮನೆ ಕೂತವನು ನಾನೊಬ್ಬ. ಕಾರಣ ನನಗೆ ಗೊತ್ತಿತ್ತು. ನಾನು ಬಾಯಿ ಬಿಡದ್ದರಿಂದ ತಪ್ಪು ನನ್ನ ಸೊಸೆಯ ಮೇಲೆ ಹೋಯಿತು. ಅವಳು ಅದನ್ನು ಹೊತ್ತು ಓಡಾಡುವುದನ್ನು ನೋಡುತ್ತ ನಾನು ಉಂಡೆ, ಮಲಗಿದೆ, ಗುಡಿಗೂ ಹೋಗಿ ಬಂದೆ.

ನಮ್ಮದು ಬನಹಟ್ಟಿಯ ನೇಕಾರ ಮನೆ. ಹೈಸ್ಕೂಲು ಮುಗಿದ ಕೂಡಲೇ ನಾನು ಮಗ್ಗಕ್ಕೆ ಕೂತೆ. ಮೊದಲು ಕೈಮಗ್ಗ, ಆಮೇಲೆ ಪಾವರ್‌ಲೂಮ್. ಈಗ ಅವನ್ನು ಮಗ ನಡೆಸುತ್ತಾನೆ. ಮಗ್ಗದ ಶೆಡ್ಡಿಗೆ ಅಂಟಿಕೊಂಡು ಒಂದು ಸಣ್ಣ ಕೋಣೆಯಿದೆ. ಅಲ್ಲಿ ಸೊಸೆಯ ಕಂಪ್ಯೂಟರ್. ಅವಳು ಚಿಮ್ಮಡದ ಮಗಳು. ಮದುವೆಗೆ ಮುಂಚೆ ಜಮಖಂಡಿಯಲ್ಲಿ ಕಂಪ್ಯೂಟರ್ ಮೇಲೆ ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಬರೆಯುವುದನ್ನು ಕಲಿತಿದ್ದಳು. ಪರದೆಯ ತುಂಬ ಸಣ್ಣ ಸಣ್ಣ ಚೌಕ, ಒಂದೊಂದು ಚೌಕ ಒಂದೊಂದು ಎಳೆ. ಅವಳು ಚೌಕಗಳಿಗೆ ಬಣ್ಣ ತುಂಬುತ್ತ ಹೋದಂತೆ ದಡಿಯಲ್ಲಿ ಹೂವು, ಗೋಪುರ, ನವಿಲು ಮೂಡುತ್ತಿದ್ದವು. ಅದನ್ನೇ ರಟ್ಟಿನ ಕಾರ್ಡುಗಳ ಮೇಲೆ ತೂತು ಹೊಡೆಸಿ ಮಗ್ಗದ ನೆತ್ತಿಗೆ ಕಟ್ಟಿದರೆ ಅದೇ ದಡಿ ಸೀರೆಯಲ್ಲಿ ನೇಯ್ದು ಬರುತ್ತದೆ. ಅವಳು ಬರುವ ತನಕ ನಾವು ಬೇರೆಯವರ ದಡಿಗಳನ್ನೇ ನೇಯುತ್ತಿದ್ದೆವು. ಅವಳು ಬಂದ ಮೇಲೆ ನಮ್ಮ ಸೀರೆಗಳಲ್ಲಿ ನಮ್ಮವೇ ದಡಿಗಳಿದ್ದವು. ರಬಕವಿಯ ಅಂಗಡಿಯವರು ಸೀರೆ ಬಿಚ್ಚಿ ಹಿಡಿದು, "ಇದು ನಿಮ್ಮ ಸ್ವಸಿ ಬರದದ್ದೇನ್ರಿ?" ಎಂದು ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಹೇಳುವಾಗ ಒಳಗೆ ಸ್ವಲ್ಪ ಚುಚ್ಚುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆಯುಷ್ಯವೆಲ್ಲ ನೇಯ್ದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಕಂಪ್ಯೂಟರ್ ಬಹಳ ಹಳೆಯದು. ದಡಿ ಬರೆಯುವ ಆ ಪ್ರೋಗ್ರಾಮಿಗೆ ಒಂದು ಬೀಗವಿದೆ. ಬೆರಳುದ್ದದ ಆ ತುಂಡನ್ನು ಯಂತ್ರದ ಬೆನ್ನಿಗೆ ಚುಚ್ಚಬೇಕು. ಇಲ್ಲದಿದ್ದರೆ ಪ್ರೋಗ್ರಾಮ್ ತೆರೆಯುವುದಿಲ್ಲ. ಈಗಿನ ಕಂಪ್ಯೂಟರುಗಳಿಗೆ ಅದನ್ನು ಚುಚ್ಚುವ ಜಾಗವೇ ಇಲ್ಲ. ದಡಿಗಳನ್ನು ಅವಳು ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದರೂ ಅವು ತೆರೆಯುವುದು ಆ ಪ್ರೋಗ್ರಾಮಿನಲ್ಲಿ ಮಾತ್ರ. ಹಾಗಾಗಿ ಯಂತ್ರ ಸತ್ತರೆ ಅವಳು ಇಷ್ಟು ವರ್ಷ ಬರೆದದ್ದೆಲ್ಲ ಸತ್ತಂತೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ನಿಲ್ಲಿಸುತ್ತೇವೆ. ಅಂದು ಮಗ್ಗಕ್ಕೆ ಹತ್ತಿದ ಅರಳೆಯನ್ನೆಲ್ಲ ಜಾಡಿಸಿ, ತಿರುಗುವ ಕಡೆಗಳಿಗೆಲ್ಲ ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗುವುದು ನನ್ನ ಕೆಲಸ. ಮಗ ಎಲ್ಲ ಕೆಲಸ ತನ್ನ ಕೈಗೆ ತೆಗೆದುಕೊಂಡರೂ ಇದೊಂದನ್ನು ನನಗೆ ಬಿಟ್ಟಿದ್ದ. ಅಂಥದೊಂದು ಅಮಾವಾಸ್ಯೆಗೆ ಸೊಸೆ ತವರಿಗೆ ಹೋಗಿದ್ದಳು. ಮಗ ಯಾವುದೋ ಬಿಲ್ಲು ನೋಡಲು ಕಂಪ್ಯೂಟರ್ ಹಚ್ಚಿ, ಹಾಗೇ ಬಿಟ್ಟು ಹೊರಗೆ ಹೋಗಿದ್ದ. ಮಗ್ಗಗಳ ಸದ್ದಿಲ್ಲದ ಆ ಹೊತ್ತಿನಲ್ಲಿ ಕೋಣೆಯಿಂದ ಕಿರ್ರೋ ಎನ್ನುವ ಸದ್ದು ಕೇಳಿತು. ಒಳಗಿನ ಫ್ಯಾನು ಒಣಗಿದ ಗಾಲಿಯ ಹಾಗೆ ಅಳುತ್ತಿತ್ತು.

ಸೊಸೆ ಹಿಂದೆಯೇ ಒಂದು ಮಾತು ಹೇಳಿದ್ದಳು: "ಮಾವಾರ, ಅದು ಸದ್ದ ಮಾಡ್ತೈತಿ ಖರೆ. ಆದ್ರ ಅದಕ್ಕ ನೀವು ಏನೂ ಹಾಕಾಕ ಹೋಗಬ್ಯಾಡ್ರಿ. ಫ್ಯಾನ್ ಬದ್ಲಿ ಮಾಡ್ಸಿದ್ರಾತು." ಆ ಮಾತು ಅಂದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ತಿರುಗುವ ಯಂತ್ರಕ್ಕೆ ಎಣ್ಣೆ ಬೇಕೋ ಬೇಡವೋ ಎಂಬುದನ್ನು ಇವಳಿಂದ ನಾನು ಕಲಿಯಬೇಕೇ ಎಂದೂ ಅನ್ನಿಸಿತು. ಯಂತ್ರ ನಿಲ್ಲಿಸಿ, ತಿರುಪು ಬಿಚ್ಚಿ, ಕಂಪ್ಯೂಟರಿನ ಡಬ್ಬಿಯನ್ನು ಮಗ್ಗುಲಾಗಿ ಮಲಗಿಸಿ, ಮಗ್ಗಕ್ಕೆ ಬಿಡುವ ಎಣ್ಣೆಯನ್ನೇ ಫ್ಯಾನಿನ ನಡುವಿಗೆ ಬಿಟ್ಟೆ. ಮಗ್ಗಕ್ಕೆ ಬಿಟ್ಟಷ್ಟೇ ಧಾರಾಳವಾಗಿ ಬಿಟ್ಟೆ. ತಿರುಗಿ ಮುಚ್ಚುವಾಗ ಒಂದು ತಿರುಪು ಕೈಜಾರಿ ಎಲ್ಲೋ ಬಿತ್ತು, ಸಿಗಲಿಲ್ಲ. ಯಂತ್ರ ಹಚ್ಚಿ ನೋಡಿದರೆ ಸದ್ದೇ ಇರಲಿಲ್ಲ. ಕೈ ಒರೆಸಿಕೊಳ್ಳುತ್ತ ನಾನು ನಕ್ಕೆ. ಸೊಸೆ ಬಂದ ಮೇಲೆ ಹೇಳಬೇಕು ಅಂದುಕೊಂಡಿದ್ದೆ. ಅವಳು ಬಂದು, "ಇವತ್ತ ಮಷಿನ್ ಶಾಂತ ಐತಲ್ಲ" ಎಂದಾಗ, ಇನ್ನೂ ಸ್ವಲ್ಪ ದಿನ ಹೋಗಲಿ, ಆಮೇಲೆ ಹೇಳಿದರೆ ಹೆಚ್ಚು ಬೆಲೆ ಎಂದು ಸುಮ್ಮನಾದೆ.

ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಕೆಲಸದ ನಡುವೆ ತಾನೇ ಆರಿಹೋಗತೊಡಗಿತು. ಅವಳು ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಆರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಬೀಪ್, ಬೀಪ್ ಎಂದು ಬಿಡದೆ ಕೂಗುವುದಷ್ಟೇ. ಮಗ ಪ್ಲಗ್ ತೆಗೆದು ಆ ಸಾಕೆಟ್ಟಿಗೆ ಟೇಬಲ್ ದೀಪ ಹಚ್ಚಿ ನೋಡಿದ, ಹತ್ತಿತು. ಬೇರೆ ವಯರ್ ಹಾಕಿದ. ಪರದೆಯನ್ನು ಪಕ್ಕದ ಮನೆಯವರ ಕಂಪ್ಯೂಟರಿಗೆ ಜೋಡಿಸಿ ನೋಡಿದರು, ಸರಿಯಿತ್ತು. ಕರೆಂಟಿನದಲ್ಲ, ಪರದೆಯದೂ ಅಲ್ಲ, ತೊಂದರೆ ಡಬ್ಬಿಯೊಳಗೇ ಇದೆ ಎಂದಾದ ಮೇಲೆ ಜಮಖಂಡಿಯಿಂದ ರಿಪೇರಿಯವನನ್ನು ಕರೆಸಿದರು.

ಅವನು ಬಾಯಿಗೆ ಬಿಡುವು ಕೊಡದ ಮನುಷ್ಯ. ಮುಚ್ಚಳ ತೆಗೆದವನೇ, "ಯಪ್ಪಾ, ಇದೇನ್ರಿ, ಕಂಪ್ಯೂಟರೋ ಗಾದಿನೋ? ಇದರಾಗಿನ ಅರಳಿ ತಗದ್ರ ಒಂದು ದಿಂಬ ಆಗ್ತೈತಿ" ಎಂದ. ಎಲ್ಲರೂ ನಕ್ಕರು. ಅರಳೆಗೆ ಎಣ್ಣೆ ಪಸೆ ಇದ್ದದ್ದನ್ನೂ ಅವನು ನೋಡಿದ. ಆದರೆ ಮಗ್ಗದ ಮನೆಗಳ ಗಾಳಿಯಲ್ಲೇ ಎಣ್ಣೆಯಿರುತ್ತದೆ. "ನಿಮ್ಮ ಊರಾಗ ಎಲ್ಲಾ ಮಷಿನ್ನೂ ಹಿಂಗಽ ಇರ್ತಾವ ಬಿಡ್ರಿ" ಎಂದು ಅದನ್ನು ಒರೆಸಿ ಬಿಟ್ಟ. ಬೀಪ್ ಕೂಗುವುದು ಮೆಮೊರಿ ಪಟ್ಟಿಗೆ ಸಂಬಂಧಿಸಿದ್ದು ಎಂದು ಅದನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ. ಕೂಗು ನಿಲ್ಲಲಿಲ್ಲ. ತನ್ನ ಚೀಲದಿಂದ ಬೇರೆ ಪಟ್ಟಿ ಹಾಕಿದ. ಆಗಲೂ ಕೂಗಿತು. ಆಗ ಅವನ ಕಣ್ಣು ತಿರುಪಿಲ್ಲದ ಖಾಲಿ ತೂತಿನ ಮೇಲೆ ಬಿತ್ತು.

"ಇದನ್ನ ಯಾರರ ಬಿಚ್ಚಿದ್ರೇನ್ರಿ?"

ಕೋಣೆಯಲ್ಲಿ ಮಗ, ಸೊಸೆ, ನನ್ನ ಹೆಂಡತಿ, ನಾನು ನಾಲ್ವರೂ ಇದ್ದೆವು. ನಾನು ಬಾಗಿಲ ಹತ್ತಿರ ಕುರ್ಚಿಯ ಮೇಲಿದ್ದೆ. ಸೊಸೆ ಮೆಲ್ಲಗೆ, "ನಾ ದೀಪಾವಳಿಗೆ ಬಿಚ್ಚಿದ್ನಿರಿ. ಬ್ರಷ್‌ಲೆ ಧೂಳ ತಗದಿದ್ದೆ. ತಿರುಪು ಎಲ್ಲಾ ಹಾಕಿದ್ದೆ ಅನ್ನಸ್ತೈತಿ" ಎಂದಳು.

"ಬ್ರಷ್ ಜೋರ್ ಆಡಿಸಿದ್ರ ಬೋರ್ಡಿಗೆ ಪೆಟ್ಟ ಬೀಳ್ತೈತ್ರಿ ಅಕ್ಕಾರ. ಬೋರ್ಡಽ ಹೋಗೇತಿ ಅಂತ ಕಾಣಸ್ತೈತಿ. ಇಷ್ಟು ಹಳೇದು ಈಗ ಎಲ್ಲೂ ಸಿಗಂಗಿಲ್ಲ."

ನನ್ನ ಹೆಂಡತಿ ಕಾದಿದ್ದವಳಂತೆ, "ಮಷಿನ್ನಿಗೆ ಕೈ ಹಾಕಬ್ಯಾಡ ಅಂದ್ರ ಎಲ್ಲಿ ಕೇಳ್ತೀ ಬೇ ನೀ? ಎಲ್ಲಾ ನನಗಽ ಗೊತ್ತೈತಿ ಅಂತೀ" ಎಂದಳು. ಆ ಕೊನೆಯ ಮಾತು ಯಾರಿಗೆ ಸಲ್ಲಬೇಕಾದದ್ದೋ ಅವನು ನೆಲ ನೋಡುತ್ತ ಕೂತಿದ್ದ. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಮಾಡಲು ಎದ್ದು ಹೋದಳು.

ಅಂದಿನಿಂದ ಅವಳು ಆ ಕೋಣೆಗೆ ಹೋಗಲಿಲ್ಲ. ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂತಳು. ಯಾರು ಬೇಕಾದರೂ ಮಾಡುವ ಕೆಲಸ ಅದು. ಮಗ ಮತ್ತೆ ಹೊರಗಿನವರ ದಡಿ ತಂದು ಮಗ್ಗಕ್ಕೆ ಕಟ್ಟಿದ. ಹೆಂಡತಿ ಓಣಿಯ ಹೆಂಗಸರಿಗೆಲ್ಲ, ಸೊಸೆ ಧೂಳು ತೆಗೆಯಲು ಹೋಗಿ ಮಷಿನ್ ಕೆಡಿಸಿಕೊಂಡ ಕಥೆ ಹೇಳಿದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದು ನಿಜವೆಂದು ನಂಬಿದ್ದಳು. ಒಂದು ದಿನ ಸೊಸೆ ಕಂಡಿಕೆ ಸುತ್ತುತ್ತ, ಎದುರಿನ ಮಗ್ಗದಲ್ಲಿ ಬರುತ್ತಿದ್ದ ಪರರ ದಡಿಯನ್ನು ನೋಡುತ್ತಿದ್ದಳು. ಎಳೆ ಕಡಿದು ಕಂಡಿಕೆ ಖಾಲಿ ತಿರುಗುತ್ತಿದ್ದರೂ ಅವಳಿಗೆ ತಿಳಿಯಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ.

ಆದರೂ ನೋಡಿ, ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಇನ್ನೊಮ್ಮೆ ತೋರಿಸಿಕೊಂಡು ಬರುತ್ತೇನೆಂದು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಜಮಖಂಡಿಗೆ ಹೋದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಹೋಗುವ ತನಕ ಕಾದು, ರಿಪೇರಿಯವನಿಗೆ ಹೇಳಿದೆ: "ಫ್ಯಾನಿಗೆ ನಾನು ಎಣ್ಣಿ ಬಿಟ್ಟಿದ್ದೆ."

ಅವನು ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟ. "ಯಾವ ಎಣ್ಣಿ?"

"ಮಗ್ಗದ್ದು."

"ಭಾಳ?"

"ಭಾಳ."

"ಕಾಕಾ, ಕೊಬ್ರಿ ಎಣ್ಣಿ ಹಾಕಿದ್ರ ಕೂದಲಾರ ಬೆಳೀತಿದ್ವು" ಎಂದು ನಗಲು ಹೋದವನು ನನ್ನ ಮುಖ ನೋಡಿ ನಿಲ್ಲಿಸಿದ. "ಅವತ್ತ ಇದನ್ನಽ ಹೇಳಿದ್ರ ಅಲ್ಲೇ ಮುಗೀತಿತ್ತಲ್ರಿ."

ಎಲ್ಲಿ ನೋಡಬೇಕೆಂದು ಅವನಿಗೆ ಈಗ ತಿಳಿದಿತ್ತು. ಎಣ್ಣೆ ಫ್ಯಾನಿನಿಂದ ಇಳಿದು, ಮೆಮೊರಿ ಪಟ್ಟಿ ಕೂರುವ ಸಂದಿನ ತಳಕ್ಕೆ ಹೋಗಿ, ಅಲ್ಲಿದ್ದ ಅರಳೆಯೊಂದಿಗೆ ಸೇರಿ ಮೇಣದ ಹಾಗೆ ಕೂತಿತ್ತು. ಯಾವ ಪಟ್ಟಿ ಹಾಕಿದರೂ ಅದರ ಹಲ್ಲು ಆ ಮೇಣದ ಮೇಲೆ ಕೂರುತ್ತಿತ್ತೇ ಹೊರತು ಒಳಗಿನ ತಂತಿಗೆ ತಾಗುತ್ತಿರಲಿಲ್ಲ. ಅವನು ಸ್ಪಿರಿಟ್ ಹಚ್ಚಿದ ಸಣ್ಣ ಬ್ರಷ್ಷಿನಿಂದ ಸಂದನ್ನು ತೊಳೆದ, ಒಣಗಲು ಬಿಟ್ಟ, ಮತ್ತೆ ತೊಳೆದ. ಎಣ್ಣೆ ಅರಳೆ ಹಿಡಿದು ಬಿಗಿದಿದ್ದ ಫ್ಯಾನನ್ನು ತೆಗೆದು ಬೇರೆ ಹಾಕಿದ. ನಡುವೆ ನಡುವೆ ಆರಿಹೋಗುತ್ತಿದ್ದದ್ದು ಅದರಿಂದ. ತಂಪು ಗಾಳಿ ಸಿಗದೆ ಯಂತ್ರ ಕಾದು ತಾನೇ ನಿಲ್ಲುತ್ತಿತ್ತಂತೆ. ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಒಂದೇ ಒಂದು ಸಣ್ಣ ಬೀಪ್ ಬಂತು. ಪರದೆಯಲ್ಲಿ ಅಕ್ಷರ ಮೂಡಿದವು. ನನಗೆ ಅಳು ಬಂತು.

"ಮನ್ಯಾಗ ಹೇಳಬ್ಯಾಡಪ್ಪಾ" ಎಂದೆ.

"ನಾ ಆಗಿ ಹೇಳಂಗಿಲ್ರಿ. ಆದ್ರ ನಿಮ್ಮ ಸ್ವಸಿ ಮ್ಯಾಲ ನಾ ಬ್ರಷ್ಷಿನ ಮಾತ ಆಡಿ ಬಂದೀನಲ್ಲ, ಅದನ್ನ ಹಿಂದಕ ತಗೊಳ್ಳಾವ್ರು ಯಾರ?"

ಮನೆಗೆ ತಂದು ಜೋಡಿಸಿದೆವು. ಹೆಂಡತಿ, "ಇನ್ನಾರ ಅದನ್ನ ಬಿಚ್ಚಾಕ ಹೋಗಬ್ಯಾಡ ತಾಯಿ" ಎಂದಳು. ಸೊಸೆ "ಆತ್ರಿ ಅತ್ತಿಯಾರ" ಎಂದಳು. ಕುರ್ಚಿಯ ಮೇಲೆ ಕೂತಳು, ಗುಂಡಿಯ ಹತ್ತಿರ ಬೆರಳು ಒಯ್ದಳು, ಒತ್ತಲಿಲ್ಲ. ನನ್ನ ಕಡೆ ತಿರುಗಿ, "ಮಾವಾರ, ಚಾಲೂ ಮಾಡ್ಲ್ಯಾ?" ಎಂದು ಕೇಳಿದಳು.

ವರ್ಷಗಟ್ಟಲೆ ಅವಳದೇ ಆಗಿದ್ದ ಯಂತ್ರ. ಅದನ್ನು ಮುಟ್ಟಲು ಅವಳು ನನ್ನ ಅಪ್ಪಣೆ ಕೇಳುತ್ತಿದ್ದಳು.

ಆಗ ಹೇಳಿದೆ. ಅಮಾವಾಸ್ಯೆ, ಎಣ್ಣೆ, ಕಳೆದ ತಿರುಪು, ಬಾಗಿಲ ಹತ್ತಿರ ಬಾಯಿ ಮುಚ್ಚಿ ಕೂತದ್ದು, ಎಲ್ಲವನ್ನೂ ಹೇಳಿದೆ. ಮಗ ಒಂದೇ ಮಾತು ಆಡಿದ: "ಅಪ್ಪಾ, ನೀವು ಅಲ್ಲೇ ಕುಂತಿದ್ರಿ." ಹೆಂಡತಿ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಸೊಸೆ ಸಿಟ್ಟಾಗುತ್ತಾಳೆಂದು ನಾನು ಕಾದೆ, ಆಗಬೇಕೆಂದೂ ಬಯಸಿದೆ. ಅವಳು ಕೇಳಿದ್ದು ಬೇರೆ.

"ಹಂಗಾರ ನನ್ನ ಬ್ರಷ್‌ಲಿಂದ ಆಗಿದ್ದಲ್ಲೇನ್ರಿ ಅದು?"

"ಅಲ್ಲವ್ವಾ."

"ಖರೇನಾ?"

"ಖರೆ."

ಅಷ್ಟು ದಿನ ಅವಳು ಸುಮ್ಮನಿದ್ದದ್ದು ನಮ್ಮ ಮಾತಿಗೆ ಅಂಜಿ ಎಂದು ನಾನು ತಿಳಿದಿದ್ದೆ. ಅಲ್ಲ. ತಾನೇ ಕೆಡಿಸಿದೆನೆಂದು ಅವಳೂ ನಂಬಿದ್ದಳು. ತಾನು ಬರೆದದ್ದನ್ನು ತನ್ನ ಕೈಯಿಂದಲೇ ಕೊಂದೆನೆಂದು ತಿಳಿದು ಕಂಡಿಕೆ ಸುತ್ತಿದ್ದಳು.

ಆಮೇಲೆ ನಾನು ಚಿಮ್ಮಡಕ್ಕೂ ಹೋದೆ. ಓಣಿಯ ಮಾತು ಅಲ್ಲಿಗೂ ಮುಟ್ಟಿತ್ತು. ಅವಳ ತಾಯಿಯ ಮುಂದೆ ಕೈಮುಗಿದು ನಡೆದದ್ದನ್ನು ಹೇಳಿದೆ. ಆ ತಾಯಿ ಚಹಾ ಕೊಟ್ಟು, "ಇರ್ಲಿ ಬಿಡ್ರಿ ಬೀಗರ, ಮಷಿನ್ ಅಂದ ಮ್ಯಾಲ ಕೆಡ್ತಾವ" ಎಂದರು. ನಾನು ಮಷಿನ್ ಕೆಡಿಸಿದ್ದಕ್ಕೆ ಕ್ಷಮೆ ಕೇಳಲು ಹೋಗಿರಲಿಲ್ಲ, ತಪ್ಪನ್ನು ಅವರ ಮಗಳ ಮೇಲೆ ಬೀಳಗೊಟ್ಟದ್ದಕ್ಕೆ ಹೋಗಿದ್ದೆ. ಅದನ್ನು ಬಿಡಿಸಿ ಹೇಳಲು ನನ್ನಿಂದ ಆಗಲಿಲ್ಲ.

ಈಗ ನಮ್ಮ ಮಗ್ಗಗಳ ಮೇಲೆ ಮತ್ತೆ ಅವಳ ದಡಿಗಳೇ ಬರುತ್ತಿವೆ. ಕಂಪ್ಯೂಟರ್ ನಡೆಯುತ್ತಿದೆ. ನಿನ್ನೆ ಮಧ್ಯಾಹ್ನ ಅವಳು ಬರೆಯುತ್ತ ಕೂತಾಗ ಪರದೆ ಒಮ್ಮೆಲೇ ಆರಿತು. ಅವಳು ಗಾಬರಿಯಾಗಿ ಎರಡೂ ಕೈ ಮೇಲೆತ್ತಿ, "ನಾ ಏನರ ಒತ್ತಿದ್ನೇನ್ರಿ ಮಾವಾರ?" ಎಂದಳು. ಶೆಡ್ಡಿನಲ್ಲಿ ಮಗ್ಗಗಳೂ ನಿಂತಿದ್ದವು.

"ಇಲ್ಲವ್ವಾ" ಎಂದೆ. "ಕರೆಂಟ್ ಹೋಗೇತಿ."