ಬೇರೆ ಮನೆಯ ಹೂವು

ಕಂಬಂ ಕಣಿವೆಯ ನಮ್ಮೂರಲ್ಲಿ ಕೆಲಸವಿಲ್ಲದೆ ಯಾರೂ ನಡೆಯುತ್ತಿರಲಿಲ್ಲ. ಗಂಡಸರು ಹೊಲಕ್ಕೆ ನಡೆಯುತ್ತಿದ್ದರು, ಹೆಂಗಸರು ನೀರಿಗೆ ನಡೆಯುತ್ತಿದ್ದರು. ಹೂ ಬಿಟ್ಟ ಮರಗಳನ್ನು ನೋಡಿಕೊಂಡು ಬರುತ್ತೇವೆಂದು ಹೊರಟವರು ನಾನು ಕಂಡಂತೆ ಇಬ್ಬರೇ, ನಾನು ಮತ್ತು ನಮ್ಮತ್ತೆ. ಚಳಿ ಇಳಿಯುವ ಮಾಸಿ ತಿಂಗಳ ಒಂದು ಮುಂಜಾನೆ ಅತ್ತೆ ನಮ್ಮ ಬಾಗಿಲಿಗೆ ಬಂದು, "ಏಳೇ ನನ್ನ ಕಣ್ಣು, ಮಾವು ಹೂ ಬಿಟ್ಟೈತೆ, ನೋಡ್ಕೊಂಡು ಬರಾಣ" ಎಂದಳು. ಅಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ತಿರುಗಿ ನೋಡಿ ನಕ್ಕ. ನಾನು ಮುಖಕ್ಕೆ ನೀರು ಹಾಕಿಕೊಳ್ಳುವುದನ್ನೂ ಮರೆತು ಓಡಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ನನ್ನನ್ನು ಹೆತ್ತವಳು ನಾನು ನಡೆಯಲು ಕಲಿಯುವ ಮೊದಲೇ ಹೋಗಿದ್ದಳು. ಸಾಕಿದವಳು ಅತ್ತೆ. ಅವಳಿಗೆ ಒಬ್ಬ ಮಗನಿದ್ದ. ನಮ್ಮ ಜನರಲ್ಲಿ ತಮ್ಮನ ಮಗಳು ಅಕ್ಕನ ಮಗನಿಗೆ ಎಂಬುದು ತೊಟ್ಟಿಲಲ್ಲೇ ಆಗಿಹೋದ ಮಾತು; ಅದನ್ನು ಮುರೆ ಎನ್ನುತ್ತೇವೆ. ಮುರೆ ಮುರಿದವರು ಚಾವಡಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ಆ ಹುಡುಗನ ಮೇಲೆ ನನಗೇನೂ ಆಸೆ ಇರಲಿಲ್ಲ, ಅವನು ಓತಿಕ್ಯಾತಕ್ಕೆ ಕಲ್ಲು ಹೊಡೆಯುತ್ತ ತಿರುಗುವವನು. ನನಗೆ ಬೇಕಾಗಿದ್ದದ್ದು ಅತ್ತೆ. ಅವನನ್ನು ಕಟ್ಟಿಕೊಂಡರೆ ಸಾಯುವವರೆಗೆ ಅವಳ ಒಲೆಯ ಮುಂದೆ ಕೂರಬಹುದಲ್ಲ ಎಂಬುದಷ್ಟೇ ನನ್ನ ಲೆಕ್ಕ.

ಹಾಗೆ ದಿನಾ ಹೊರಟೆವು. ಮೂಲೆಮನೆಯ ಹಿತ್ತಿಲಲ್ಲಿ ನುಗ್ಗೆ ಹೂ ಉದುರಿ ನೆಲ ಬೆಳ್ಳಗಾಗಿರುತ್ತಿತ್ತು. ಅದನ್ನು ದಾಟಿದರೆ ಕುಂಬಾರರ ಓಣಿ, ಓಣಿ ಮುಗಿದಲ್ಲಿ ಬೇಲದ ಮರ, ಆಮೇಲೆ ಕೆರೆ ಏರಿಯ ಕೆಳಗೆ ಮಾವಿನ ತೋಪು. ತೋಪಿನೊಳಗೆ ಹೋದರೆ ಹೂವಿನ ಘಾಟಿಗೆ ಸೀನು ಬರುತ್ತಿತ್ತು, ಜೇನುನೊಣದ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಅತ್ತೆ ಕೊಂಬೆ ಬಗ್ಗಿಸಿ ಮೂಸುತ್ತಿದ್ದಳು, ಮಂಜು ಬಿದ್ದು ಕಪ್ಪಾದ ಹೂಗೊಂಚಲನ್ನು ನೋಡಿ ಲೊಚಗುಟ್ಟುತ್ತಿದ್ದಳು. ನೀರಿಗೆ ಬಂದ ಹೆಂಗಸರು ಸುಮ್ಮನಿರುತ್ತಾರೆಯೇ? "ಏನವ್ವ, ಸೊಸೇನ ಮೇಯಿಸ್ಕೊಂಡು ಬರಕ್ಕ ಹೊರಟ್ಯಾ?" ಎಂದು ಕೆಣಕುತ್ತಿದ್ದರು.

"ಆಮಾ, ಹೌದು, ನನ್ನ ಸೊಸೆ, ನಾ ಮೇಯಿಸ್ತೀನಿ. ನಿನಗ್ಯಾಕೆ ಉರಿ?" ಎನ್ನುತ್ತಿದ್ದಳು ಅತ್ತೆ. ಆ ಮಾತು ಕೇಳಿ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಯಾವ ದಿನದಿಂದ ಅವಳ ಮನಸ್ಸು ತಿರುಗಿತು? ಇಷ್ಟು ಮುದುಕಿಯಾದರೂ ಇದನ್ನೇ ಕೇಳಿಕೊಳ್ಳುತ್ತೇನೆ. ಮೊದಲ ದಿನವೇ ತಿರುಗಿತ್ತೇ, ಇಲ್ಲ ಮೊದಮೊದಲ ಮುಂಜಾವುಗಳಾದರೂ ನಿಜವಾಗಿ ನನ್ನವೇ? ಮಲೆಯಾಳದ ಕಡೆ ಹರಿದುಹೋಗುತ್ತಿದ್ದ ನೀರನ್ನು ಬೆಟ್ಟ ಕೊರೆದು ನಮ್ಮ ಕಣಿವೆಗೆ ತಿರುಗಿಸಿ ಆಗ ಒಂದೆರಡು ವರ್ಷವಾಗಿತ್ತು. ಹೊಳೆಬದಿಯ ಗದ್ದೆ ಇದ್ದವರು ರಾತ್ರಿ ಬೆಳಗಾಗುವುದರೊಳಗೆ ದೊಡ್ಡಮನುಷ್ಯರಾಗಿದ್ದರು. ನಮ್ಮಪ್ಪನದು ಮೇಲಿನ ಹೊಲ, ಮಳೆ ಬಂದರೆ ಜೋಳ. ಮೊದಲು ಎಲ್ಲರದೂ ಹಾಗೇ ಇದ್ದದ್ದರಿಂದ ಅದೊಂದು ಕೊರತೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮಾಸಿ ಕಳೆದು ಪಂಗುಣಿ ತಿಂಗಳು ಹುಟ್ಟಿದ ಮೇಲೆ ಅತ್ತೆ ದಾರಿ ಬದಲಿಸಿದಳು. "ಮಾವು ಸಾಕು, ಹಿಪ್ಪೆ ಉದುರ್ತೈತೆ, ಅಲ್ಲಿಗೆ ಹೋಗಾಣ" ಎಂದಳು. ಹಿಪ್ಪೆ ಮರಗಳಿದ್ದದ್ದು ಊರಾಚೆ, ಹಳ್ಳದ ದಂಡೆಯಲ್ಲಿ. ಆ ಹೂ ನಸುಕಿನಲ್ಲೇ ಉದುರುತ್ತದೆ. ದಪ್ಪ, ತಿಳಿಹಳದಿ, ಬಾಯಿಗೆ ಹಾಕಿಕೊಂಡರೆ ಬೆಲ್ಲ. ನಾನು ಮಡಿಲಿಗಿಂತ ಬಾಯಿಗೇ ಹೆಚ್ಚು ತುಂಬುತ್ತಿದ್ದೆ.

ಅಲ್ಲಿ ಒಬ್ಬ ಹೆಂಗಸು ಹೂ ಆಯುತ್ತಿದ್ದಳು. ಮಾರ್ಕಯನ್‌ಕೋಟ್ಟೈ ಕಡೆಯವಳು, ನಮ್ಮ ಜನವೇ, ನಂಟರ ಮನೆಗೆ ಬಂದಿದ್ದಾಳೆ ಎಂದಳು ಅತ್ತೆ. ಮಾರನೆಯ ದಿನವೂ ಇದ್ದಳು. ಬುಟ್ಟಿ ಎತ್ತಿ ಕೊಡು ಎಂದಳು, ಎತ್ತಿ ಕೊಟ್ಟೆ. ಹಳ್ಳ ದಾಟಿ ಆಚೆ ಮರದ ಹೂ ತಾ ಎಂದಳು, ಜಿಂಕೆಮರಿಯ ಹಾಗೆ ಹಾರಿ ತಂದೆ. ನಾನು ಓಡುವುದನ್ನು, ನಗುವುದನ್ನು, ಬಗ್ಗುವುದನ್ನು ಆಕೆ ನೋಡುತ್ತಿದ್ದಳು; ಆಕೆ ನೋಡುವುದನ್ನು ಅತ್ತೆ ನೋಡುತ್ತಿದ್ದಳು. ಕುರಿ ಕಟುಕನನ್ನೇ ನಂಬುತ್ತದೆ ಅನ್ನುತ್ತಾರಲ್ಲ, ನಾನು ನಂಬಿದ್ದಷ್ಟೇ ಅಲ್ಲ, ಕುಣಿದು ತೋರಿಸಿದೆ.

ಕೆಲವು ದಿನ ಕಳೆದ ಮೇಲೆ ಆಕೆ ಒದ್ದೆ ಬಾಳೆಎಲೆ ಬಿಚ್ಚಿ ಮಲ್ಲಿಗೆ ದಂಡೆ ತೆಗೆದಳು. "ಬಾವ್ವ, ತಲೆ ಬರಿದಾಗೈತೆ" ಎಂದು ನನ್ನ ಜಡೆಗೆ ಕೈ ಹಾಕಿದಳು. ನಾನು ಹಿಂದೆ ಸರಿದೆ. ಮುರೆಯ ಹುಡುಗಿ ತನ್ನ ಮನೆಯವರ ಕೈಯಿಂದ, ಅತ್ತೆಯ ಕೈಯಿಂದ ಬಿಟ್ಟು ಬೇರೆ ಮನೆಯವರ ಕೈಯಿಂದ ಹೂ ಮುಡಿಯಬಾರದು. ಮುಡಿದರೆ ಆ ಮನೆಗೆ ಒಪ್ಪಿದಂತೆ, ಇದ್ದ ಮುರೆ ಕಳಚಿದಂತೆ. ಏಕೆ ಬಾರದೆಂದು ನನಗೆ ಪೂರಾ ತಿಳಿಯದಿದ್ದರೂ ಬಾರದು ಎನ್ನುವುದು ಗೊತ್ತಿತ್ತು, ಏಕೆಂದರೆ ಕಲಿಸಿದವಳು ಅತ್ತೆಯೇ. ಆಕೆಯ ಬೆನ್ನ ಹಿಂದೆ ನಿಂತಿದ್ದ ಅತ್ತೆಯ ಕಡೆ ನೋಡಿದೆ. ಅತ್ತೆ ಕಣ್ಣು ಮುಚ್ಚಿ ತೆರೆದು, ಹೂಂ ಎನ್ನುವಂತೆ ಮೆಲ್ಲಗೆ ತಲೆ ಆಡಿಸಿದಳು. ನಾನು ತಲೆ ಬಗ್ಗಿಸಿದೆ.

ಅದೇ ವಾರ ಚಾವಡಿ ಸೇರಿತು. ಮಾರ್ಕಯನ್‌ಕೋಟ್ಟೈಯವರು ವೀಳ್ಯ ಹಿಡಿದು ಬಂದಿದ್ದರು. ನಿಮ್ಮ ಹುಡುಗಿ ನಮ್ಮ ಮನೆ ಹೂ ಮುಡಿದಿದ್ದಾಳೆ ಎಂಬುದು ಅವರ ಮಾತು. ಅವರಿಗೆ ನನ್ನ ಮುರೆ ಬಿಟ್ಟುಹೋಗಿದೆ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಆ ಯಾರೋ ಯಾರೆಂದು, ಹೂ ಮುಡಿಸಿದ ಆ ಹೆಂಗಸೇ ಮುಂದೆ ನನ್ನ ಗಂಡನ ತಾಯಿಯಾದ ಮೇಲೆ ನನಗೆ ಹೇಳಿದಳು, ಆದರೆ ಅಷ್ಟು ಹೊತ್ತಿಗೆ ನನಗೆ ತಿಳಿಯಬೇಕಾದದ್ದೇನೂ ಉಳಿದಿರಲಿಲ್ಲ. ಚಾವಡಿಯ ಕಂಬದ ಹಿಂದೆ ಕುಳಿತ ಹೆಂಗಸರು ಪಿಸುಗುಟ್ಟುತ್ತಿದ್ದರು: ಕಂಬಂನಲ್ಲಿ ಹೊಳೆಬದಿ ಗದ್ದೆ ಇರುವ ಮನೆಯಿಂದ ಅತ್ತೆಯ ಮಗನಿಗೆ ಹೆಣ್ಣು ಬರುತ್ತದಂತೆ, ಗದ್ದೆಯೂ ಜೊತೆಗೆ ಬರುತ್ತದಂತೆ. ಅತ್ತೆ ತಾನಾಗಿ ಮುರೆ ಮುರಿದರೆ ಅವಳಿಗೆ ಕೆಟ್ಟ ಹೆಸರು. ನಾನು ಮುರಿದರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನಾಟ್ಟಾಮೆ, ಎಂದರೆ ನಮ್ಮ ಜನದ ಹಿರಿಯ, ಅತ್ತೆಯನ್ನು ಕೇಳಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ನಾ ಹೂ ಆಯ್ತಾ ಇದ್ದೆ ಸಾಮಿ. ತಿರುಗಿ ನೋಡೋ ಒತ್ತಿಗೆ ಮುಡ್ಕೊಂಡುಬಿಟ್ಟಿತ್ತು. ಸಾಕಿದ ಹೊಟ್ಟೆ ಉರೀತೈತೆ. ಇನ್ನೊಬ್ಬರ ಮನೆ ಹೂ ಮುಡಿದೋಳ ನಾ ಎಂಗೆ ಸೊಸೆ ಮಾಡ್ಕಳ್ಳಿ?"

ಆ ಅಳು ನಿಜವಾದ ಅಳುವಿನ ಹಾಗೇ ಇತ್ತು. ನನಗೆ ಜ್ವರ ಬಂದಾಗ ಅವಳು ಹೀಗೇ ಅಳುತ್ತಿದ್ದಳು.

"ನೀ ಹೇಳವ್ವ," ಎಂದ ನಾಟ್ಟಾಮೆ ನನ್ನ ಕಡೆ ತಿರುಗಿ. "ನಿಮ್ಮತ್ತೆ ನೋಡಿದ್ಲಾ, ಇಲ್ವಾ? ದೇವರ ಆಕಳ ಬಾಲ ಹಿಡಿದು ಹೇಳ್ತೀನಿ ಅಂದ್ರೆ ನಿನ್ನ ಮಾತು ನಂಬ್ತೀವಿ. ಅವಳು ಸುಳ್ಳು ಅಂದಾದ್ರೆ, ನಿನ್ನ ಮನೆ ತುಂಬಿಸ್ಕಳೋವರೆಗೂ ಅವಳ ಮನೆಗೆ ಬೆಂಕಿ ಇಲ್ಲ, ನೀರಿಲ್ಲ. ಮುರೆ ಮುರೆನೇ."

ಒಂದು ಮಾತು ಸಾಕಿತ್ತು. ಅತ್ತೆ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಭಯ ಕಂಡದ್ದು ಅದೇ ಮೊದಲು, ಅದೂ ನನ್ನ ಮೇಲಿನ ಭಯ. ನಾನು ಗೆದ್ದು ಅವಳ ಮನೆಗೆ ಹೋಗಬಹುದಿತ್ತು, ಅವಳ ಒಲೆಯ ಮುಂದೆಯೇ ಕೂರಬಹುದಿತ್ತು. ಆದರೆ ನನ್ನನ್ನು ಬೇಡವೆಂದವಳ ಒಲೆ ಅದು. ದಯೆಯಿಂದ ಬಾಯಿ ಕಟ್ಟಿತು ಎಂದು ಯಾರೂ ತಿಳಿಯಬೇಡಿ. ಅಷ್ಟು ಒಳ್ಳೆಯವಳಲ್ಲ ನಾನು. ಸಿಟ್ಟಿನಿಂದ ಹೇಳಿದೆ:

"ಅತ್ತೆ ನೋಡ್ಲಿಲ್ಲ."

ಅಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ವೀಳ್ಯದ ತಟ್ಟೆ ಹಿಡಿದು ಅಕ್ಕನ ಮುಂದೆ ಬಗ್ಗಿ, ಮಗಳು ತಪ್ಪು ಮಾಡಿದಳು, ಮುರೆ ಮುರಿದವನು ನಾನು, ಕ್ಷಮಿಸು ಎಂದ. ನನ್ನ ಅಪ್ಪ, ಅವಳ ಮುಂದೆ! ಅವಳು ತಟ್ಟೆ ಮುಟ್ಟಿ, "ನನ್ನ ತಮ್ಮ ತಾನೆ, ಓಗ್ಲಿ ಬಿಡಿ" ಎಂದಳು. ಎಂಥ ದೊಡ್ಡ ಮನಸ್ಸು ಎಂದು ಜನ ತಲೆದೂಗಿದರು.

ಆಮೇಲೆ ಎಲ್ಲರೂ ನೋಡುತ್ತಿರುವಂತೆಯೇ ಅವಳು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಲ್ಲ ಸವರಿ, "ಜಾಣೆ ನನ್ನ ಕಣ್ಣು" ಎಂದು ಕಿವಿಯಲ್ಲಿ ಹೇಳಿದಳು. ಕಚ್ಚಬೇಕು ಎನಿಸಿತು. ದೂಡಿ ಓಡಬೇಕು ಎನಿಸಿತು. ಆದರೆ ಅಳು ಒತ್ತರಿಸಿ ಬಂದಿತ್ತು, ಮತ್ತು ನಾನು ಬುದ್ಧಿ ಬಂದಂದಿನಿಂದ ಅತ್ತದ್ದು ಒಂದೇ ಮಡಿಲಲ್ಲಿ. ಅವಳ ಸೊಂಟ ತಬ್ಬಿ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.