ಸತ್ತ ದೊಡ್ಡಮ್ಮ ಬಸ್ಸಿಳಿದು ಬಂದರು

ಗೌನಿಪಲ್ಲಿಯ ತೋಪಿನಲ್ಲಿ ಮಾವಿನಕಾಯಿ ಆರಿಸುತ್ತಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ಊರಿಗೆ ಹೊಸದಾಗಿ ಟೀಚರಾಗಿ ಬಂದಿದ್ದ ನಾನು, ಹೋಳೂರಿನ ಮುನಿಯಮ್ಮನ ಮೊಮ್ಮಗಳು ಎಂದಷ್ಟೇ ಹೇಳಿದ್ದೆ.

"ನಾನು ನಿಮ್ಮ ದೊಡ್ಡಮ್ಮ ಕಣೇ! ನಿಮ್ಮಜ್ಜಿ ನನ್ನನ್ನ ಬಾವಿಗೆ ತಳ್ಳಲಿಲ್ಲ, ಬಸ್ ಹತ್ತಿಸಿದ್ರು!"

ಹೆಣ ಸಿಗದಿದ್ದರೂ, ಹಿರಿಸೊಸೆಯನ್ನು ಬಾವಿಗೆ ತಳ್ಳಿ ಕೊಂದವಳೆಂದು ಹೋಳೂರಿನವರು ಅಜ್ಜಿಯನ್ನು ಹದಿನೈದು ವರ್ಷದಿಂದ ದೂರವಿಟ್ಟಿದ್ದರು. ಸೊಸೆ ದೆವ್ವವಾಗಿದ್ದಾಳೆಂದು ನಮ್ಮ ಬಾವಿಯ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಕುಡಿದು ಬಂದು ಹೆಂಡತಿಯನ್ನು ಬಡಿಯುತ್ತಿದ್ದ ದೊಡ್ಡಪ್ಪ ಹುಡುಕಿಕೊಂಡು ಹೋಗಬಾರದೆಂದು, ಆತ ಬದುಕಿರುವವರೆಗೂ ಅಜ್ಜಿ ಆ ಅಪವಾದವನ್ನು ಬಾಯಿ ಮುಚ್ಚಿ ಹೊತ್ತಿದ್ದರು. ಆತ ತೀರಿಕೊಂಡ ಮೇಲೆ ನಿಜ ಹೇಳಿದರು. ಸೊಸೆ ಎಲ್ಲಿ ನೆಲೆಸಿದ್ದಾಳೆಂದು ಅಜ್ಜಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ದೊಡ್ಡಮ್ಮ ನನ್ನ ಜೊತೆ ಹೋಳೂರಿನಲ್ಲಿ ಬಸ್ಸಿಳಿದು ನೇರ ಬಾವಿಯ ಹತ್ತಿರ ನಡೆದರು. ಗುರುತು ಹಿಡಿದ ಇಬ್ಬರು ಹೆಂಗಸರು ಕಿರುಚಿಕೊಂಡು ಓಡಿದರು. ಅವರ ಕೂಗಿಗೆ ಅರ್ಧ ಊರೇ ಸೇರಿತು, ಅಜ್ಜಿಯೂ ಮನೆಯಿಂದ ಹೊರಗೆ ಬಂದರು. ದೊಡ್ಡಮ್ಮ ಎಲ್ಲರೆದುರು ಒಂದು ಬಿಂದಿಗೆ ನೀರು ಸೇದಿ, ಬೊಗಸೆಯಲ್ಲಿ ಕುಡಿದು, ಉಳಿದದ್ದರಿಂದ ಅಜ್ಜಿಯ ಕಾಲು ತೊಳೆದರು.

"ನೋಡ್ಕೊಳ್ರಮ್ಮಾ! ನಮ್ಮತ್ತೆ ನನ್ನ ಸಾಯಿಸಲಿಲ್ಲ, ಬದುಕಿಸಿದ್ರು!"

ಎಂಬತ್ತರ ಅಜ್ಜಿ ಸೆರಗು ಬಾಯಿಗಿಟ್ಟು ಅಳುತ್ತಲೇ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಬಾವಿಯ ಸುತ್ತ ಕೊಡಗಳ ಸಾಲು ನಿಂತಿತ್ತು. ಬಂದ ಒಬ್ಬೊಬ್ಬಳನ್ನೂ ಅಜ್ಜಿ ಹೆಸರು ಹಿಡಿದು ಕರೆದು ಮಾತಾಡಿಸಿದರು.

ಅಂದಿನಿಂದ ಯಾವ ಮನೆಯ ಕೊಲೆಯ ಕತೆ, ದೆವ್ವದ ಕತೆ ಕೇಳಿದರೂ, ಆ ಮನೆಯ ಮುದುಕಿ ಏನು ಹೇಳುತ್ತಾಳೆಂದು ಮೊದಲು ವಿಚಾರಿಸುತ್ತೇನೆ.