ಹಂಸಮ್ಮ ನಮ್ಮ ಮನೆಯಲ್ಲಿಟ್ಟ ಸೀಡಿ

ಹೊಲದಲ್ಲಿ ಹಕ್ಕಿ ಬೆದರಿಸಲು ಹಳೆಯ ಸೀಡಿ ಕಟ್ಟಿರುವುದನ್ನು ಕಂಡಾಗಲೆಲ್ಲ ನನಗೆ ಹಂಸಮ್ಮನ ನೆನಪು. ಹೊಳೆನರಸೀಪುರದ ಅರ್ಚಕರ ಮಗಳು. ೨೦೦೨ರಲ್ಲಿ ಚನ್ನರಾಯಪಟ್ಟಣದ ನಮ್ಮ ಪ್ರೆಸ್ಸಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದಳು. ನಾನು ಅಲ್ಲಿ ಕಸ ಗುಡಿಸಿ, ಎಲ್ಲರಿಗೂ ಕಾಫಿ ತಂದುಕೊಡುತ್ತಿದ್ದೆ.

ಪ್ರೆಸ್ಸಿನಲ್ಲಿ ಮೂರು ಕಂಪ್ಯೂಟರ್. ಲಗ್ನಪತ್ರಿಕೆ ಒಂದರಲ್ಲಿ, ಕರಪತ್ರ ಇನ್ನೊಂದರಲ್ಲಿ. ಯಾರು ಎಲ್ಲಿಟ್ಟರೆಂದು ಹುಡುಕುವುದೇ ಅರ್ಧ ಕೆಲಸ. ಹಂಸಮ್ಮ ಮಾಲೀಕರಾದ ಸಂಪತ್ಕುಮಾರ ಅವರನ್ನು ಕಾಡಿ ಬೇಡಿ, ಒಳಕೋಣೆಯಲ್ಲಿ ದೊಡ್ಡ ಕಂಪ್ಯೂಟರೊಂದನ್ನು ಇಡಿಸಿದಳು. ಗೋಡೆಗುಂಟ ವೈರು ಎಳೆಸಿ ಮೂರನ್ನೂ ಅದಕ್ಕೆ ಸೇರಿಸಿದಳು. ಅಂದಿನಿಂದ ಎಲ್ಲರ ಕೆಲಸವೂ ಅದೊಂದರಲ್ಲೇ. ಶನಿವಾರ ಸಂಜೆ ಅಷ್ಟನ್ನೂ ಸೀಡಿಗೆ ಇಳಿಸಿ, ಹಿಂದಿನ ಬೀದಿಯ ನಮ್ಮ ಮನೆಗೆ ತಂದಿಡುತ್ತಿದ್ದಳು.

"ನಮ್ಮನೆ ಯಾಕವ್ವ? ಪ್ರೆಸ್ನಾಗೇ ಬೀರು ಐತಲ್ಲ."

"ನಿಮ್ಮನೆ ಹೆಪ್ಪು ಕೆಟ್ರೆ ಏನ್ ಮಾಡ್ತೀರಿ ಸುಬ್ಬಮ್ಮ?"

"ಪಕ್ಕದ ಮನೇಲಿ ಈಸ್ಕತೀನಿ."

"ಇದೂ ಹಾಗೇ. ಬೇರೆ ಮನೇಲಿದ್ರೇ ಉಳಿಯೋದು."

ಮೂಲೆಯಲ್ಲಿದ್ದ ನಮ್ಮತ್ತೆ ಹೊನ್ನಕ್ಕ ಬೊಚ್ಚುಬಾಯಲ್ಲಿ ನಕ್ಕರು. "ಅಯ್ನೋರ ಮನೆ ಹೆಪ್ಪು ನಮ್ಮಟ್ಟಿಗೆ ಬಂತಲ್ಲೇ ಸುಬ್ಬಿ!" ಹಂಸಮ್ಮನೂ ನಕ್ಕು, ಚಾಪೆ ಎಳೆದುಕೊಂಡು ಕೂತಳು.

ಅತ್ತೆಗೆ ಬಾಯಿತುಂಬ ಸೋಬಾನೆ ಪದ. ಅದು ತಿಳಿದ ಮೇಲೆ ಹಂಸಮ್ಮ ಊಟದ ಬಿಡುವಿನಲ್ಲಿ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡು, ಹಾಡುತ್ತಿದ್ದಂತೆಯೇ ಟೈಪು ಮಾಡುತ್ತಿದ್ದಳು. ಪುಸ್ತಕ ಮಾಡುವ ಆಸೆ. ಮಹಾನವಮಿಯ ವಾರ, ಸೋಮವಾರ, ಅತ್ತೆ ಹೆಣ್ಣು ಒಪ್ಪಿಸುವ ಪದ ಹೇಳಿ ಮುಗಿಸಿದರು. ಮಂಗಳವಾರ ತೀರಿಕೊಂಡರು.

ನಾನು ಸೂತಕವೆಂದು ಮನೆಯಲ್ಲಿ ಉಳಿದೆ. ಹಂಸಮ್ಮ ಹಬ್ಬಕ್ಕೆ ಊರಿಗೆ ಹೋದಳು. ಆಯುಧಪೂಜೆಯ ದಿನ ಸಂಪತ್ಕುಮಾರ ಅವರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ದೊಡ್ಡ ಕಂಪ್ಯೂಟರಿಗೆ ಮಾತ್ರ ಭಕ್ತಿ ಹೆಚ್ಚಾಗಿ, ಕಳಶದ ನೀರನ್ನು ಮಾವಿನೆಲೆಯಲ್ಲಿ ಧಾರಾಳವಾಗಿ ಚಿಮುಕಿಸಿದರು. ಮಂಗಳಾರತಿ ಆಗುವಾಗ ಅದು ಟಪ್ಪೆಂದಿತು. ಹಾಸನದಿಂದ ಬಂದ ರಿಪೇರಿಯವನು, ಒಳಗಿನದು ಏನೂ ಬರುವುದಿಲ್ಲ ಎಂದುಬಿಟ್ಟ.

ಹಬ್ಬ ಕಳೆದು ಬಂದ ಹಂಸಮ್ಮ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ನಮ್ಮ ಮನೆಯೊಳಕ್ಕೆ ನುಗ್ಗಿದಳು. ನಾನು ಟ್ರಂಕಿನಿಂದ ಸೀಡಿ ತೆಗೆದುಕೊಟ್ಟೆ. ಸಂಪತ್ಕುಮಾರ ಅವರು ಬೀದಿಯಲ್ಲೇ ನಿಂತು ಕೂಗಿದರು: "ಸೂತಕದ ಮನೆ ಕಣಮ್ಮ! ಅದ್ರ ಮೇಲೆ ಒಂಚೂರು ನೀರ್ ಹಾಕಿ ತಗೊಂಬಾ!"

"ನೀರ್ ಹಾಕಿದ್ದಕ್ಕೇ ಅಲ್ವಾ ಸಾರ್ ಇಷ್ಟೆಲ್ಲ ಆಗಿದ್ದು!"

ಲಗ್ನಪತ್ರಿಕೆ, ಕರಪತ್ರ, ಅತ್ತೆಯ ಪದಗಳು, ಎಲ್ಲವೂ ಬಂದವು. ಸೋಮವಾರದ್ದೊಂದು ಬರಲಿಲ್ಲ. ಆ ಸೀಡಿ ಅದಕ್ಕೆ ಮೊದಲಿನ ಶನಿವಾರದ್ದು. ಸೂತಕ ಕಳೆದು ನಾನು ಕೆಲಸಕ್ಕೆ ಹೋದಾಗ, ಹಂಸಮ್ಮ ಖಾಲಿ ಪರದೆಯ ಮುಂದೆ ಕಣ್ಣು ಒರೆಸಿಕೊಂಡಳು.

"ಅಳಬ್ಯಾಡ ಕಣವ್ವ, ನಾ ಯೋಳ್ತೀನಿ, ಒತ್ತು" ಎಂದೆ. ನನ್ನ ಮದುವೆಯಲ್ಲಿ, ನಾದಿನಿಯರ ಮದುವೆಯಲ್ಲಿ ಕೇಳಿದ್ದು. ಒಂದೊಂದೇ ಬಂತು. ನಡುವಿನ ಒಂದು ನುಡಿ ಮಾತ್ರ ಎಷ್ಟು ಗುನುಗಿದರೂ ಬರಲಿಲ್ಲ. ಪುಸ್ತಕದಲ್ಲಿ ಆ ಜಾಗವನ್ನು ಹಂಸಮ್ಮ ಹಾಗೆಯೇ ಬಿಟ್ಟಳು.

ಅವಳ ಮದುವೆ ಅರಕಲಗೂಡಿನ ಛತ್ರದಲ್ಲಾಯಿತು. ಹೆಣ್ಣು ಒಪ್ಪಿಸುವಾಗ, "ಸುಬ್ಬಮ್ಮ ಹೇಳ್ಲಿ" ಎಂದು ಹಟ ಹಿಡಿದಳು. ಗಂಡನಿಲ್ಲದವಳೆಂದು ನಾನು ಹಿಂದೆ ಸರಿದು, ಕಂಬದ ಮರೆಯಿಂದಲೇ ಹಾಡಿದೆ. ಆ ನುಡಿಯ ಜಾಗ ಬಂದಾಗ ನಿಂತೆ. ತಾಯಿಯ ಹೆಗಲ ಮೇಲೆ ಅಳುತ್ತಿದ್ದ ಹಂಸಮ್ಮ ತಲೆ ಎತ್ತಿ, ನಾನಿದ್ದ ಕಡೆ ನೋಡಿ, ನಾನು ಮುಂದಿನದು ಎತ್ತಿಕೊಳ್ಳುವವರೆಗೂ ಕಾದಳು.